ಬಾವಿಗೆ ಬೆಲೆ ಕಟ್ಟಿದ ದಿನ

ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಸೈಮನ್ ಮಾಷ್ಟ್ರಿಗೆ ಪಡೀಲಿನ ತಮ್ಮ ಮನೆಯ ಬಾವಿಯೊಳಗೆ ಒಂದು ಸಾಮಾಜಿಕ ಸಮಸ್ಯೆ ಕಂಡದ್ದು ಈದ್ ದಿನ ಬೆಳಿಗ್ಗೆ, ಹಲ್ಲುಜ್ಜುವಾಗ. ನಳ್ಳಿ ಬರೀ ಗಾಳಿ ಉಗುಳುತ್ತಿದ್ದ ಆ ಬೇಸಿಗೆಯಲ್ಲಿ ಅಕ್ಕಪಕ್ಕದವರೆಲ್ಲ ಕುಡಿಯುತ್ತಿದ್ದದ್ದು ಈ ಬಾವಿಯ ನೀರನ್ನೇ. ನೀರು ತಳ ಸೇರುತ್ತಿತ್ತು.

“ಲೂರ್ಡ್ಸ್, ಬಿಟ್ಟಿ ಸಿಕ್ಕಿದ್ದನ್ನು ಜನ ಪೋಲು ಮಾಡ್ತಾರೆ. ಕೊಡಪಾನಕ್ಕೆ ಎರಡು ರೂಪಾಯಿ ಇಟ್ಟರೆ ಬೇಕಾದಷ್ಟೇ ತೆಗೀತಾರೆ. ಮಳೆಯವರೆಗೆ ಬಾವಿ ಉಳೀತದೆ.”

“ನಿಮಗೆ ಇವತ್ತೇ ಆಗ್ಬೇಕಾ? ಮಧ್ಯಾಹ್ನ ಮುಮ್ತಾಝಳ ಬಿರಿಯಾನಿ ಬರ್ಲಿಕ್ಕುಂಟು. ನಾನು ಅನ್ನಕ್ಕೆ ಇಡೂದೇ ಇಲ್ಲ,” ಎಂದರು ಹೆಂಡತಿ.

ಎದುರುಮನೆಯ ಉಮರಬ್ಬರದು ಬಂದರಿನಲ್ಲಿ ಅಂಗಡಿ. ಅವರ ಹೆಂಡತಿ ಮುಮ್ತಾಝ್ ಪ್ರತಿ ಈದಿಗೆ ಕಳಿಸುವ ಬಿರಿಯಾನಿಗಾಗಿಯೇ ಮಾಷ್ಟ್ರು ವರ್ಷವಿಡೀ ಕೊಲೆಸ್ಟ್ರಾಲ್ ಮಾತ್ರೆ ನುಂಗಿ ದೇಹವನ್ನು ಸಜ್ಜಾಗಿಟ್ಟುಕೊಳ್ಳುತ್ತಿದ್ದರು. ಆ ಪಾತ್ರೆ ಖಾಲಿಯಾಗಿ ಹಿಂದೆ ಹೋದದ್ದೂ ಇಲ್ಲ. ಲೂರ್ಡ್ಸ್‌ಬಾಯಿ ಅದರಲ್ಲಿ ಏನಾದರೂ ತುಂಬಿಸಿಯೇ ಕಳಿಸುವುದು.

“ಬಿರಿಯಾನಿ ಬೇರೆ, ಪಾಲಿಸಿ ಬೇರೆ,” ಎಂದು ಮಾಷ್ಟ್ರು ಗೇಟಿಗೆ ಬೋರ್ಡು ನೇತುಹಾಕಿದರು: ‘ಕೊಡಪಾನಕ್ಕೆ ಎರಡು ರೂಪಾಯಿ. ತಿಂಡಿ, ಊಟ ಸ್ವೀಕರಿಸುವುದಿಲ್ಲ.’ ಎರಡನೆಯ ಸಾಲು ಪಕ್ಕದ ವಿನಿಫ್ರೆಡ್‌ಬಾಯಿಗೆ. ಹೋದ ವಾರ ಅವರು ಎರಡು ನೀರುದೋಸೆ ಕೊಟ್ಟು ಆರು ಕೊಡಪಾನ ಹೊತ್ತೊಯ್ದಿದ್ದರು. ಅದರಿಂದ ಮಾರುಕಟ್ಟೆ ಕೆಡುತ್ತದೆಂದು ಮಾಷ್ಟ್ರ ಅಭಿಪ್ರಾಯ.

ಮೊದಲು ಬಂದವರೂ ಅವರೇ. ನಿನ್ನೆಯವರೆಗೆ ಸಂಕೋಚದಿಂದ ಹಿಂಬದಿಯಲ್ಲಿ ಬರುತ್ತಿದ್ದವರು ಇವತ್ತು ನೋಟು ಬೀಸುತ್ತ ಬಂದರು.

“ದುಡ್ಡು ಕೊಡ್ತೇನಲ್ಲ, ಮಲ್ಲಿಗೆ ಗಿಡಕ್ಕೂ ಹಾಕ್ತೇನೆ. ಎಂತ ಮಾರಾಯ್ರೆ, ಹಗ್ಗ ಇಷ್ಟು ಹಳತು? ಕೈ ಉರೀತದೆ.”

ಆಮೇಲೆ ಹಿಂದಿನ ಮನೆಯ ಹಿತೇಶ್ ಬಂದು ಕಾರು ತೊಳೆದ. ಅವನನ್ನು ನೋಡಿ ಇನ್ನೊಬ್ಬರು ಅಂಗಳ ತೊಳೆದರು. ಹಿಂದೆಲ್ಲ ಎರಡು ಕೊಡಪಾನಕ್ಕೆ ನಾಚುತ್ತಿದ್ದವರು ಈಗ ಡ್ರಮ್ಮನ್ನೇ ಉರುಳಿಸಿಕೊಂಡು ಬಂದರು.

“ಸರ್, ಎರಡು ರೂಪಾಯಿಗೆ ಸೇದಿ ಕೊಡೂದೂ ಸೇರಿದೆಯಲ್ವಾ?” ಎಂದ ಹಿತೇಶ್.

ಗಿರಾಕಿಗೆ ಇಲ್ಲವೆನ್ನುವುದು ಹೇಗೆ? ಮಾಷ್ಟ್ರೇ ಲುಂಗಿ ಎತ್ತಿಕಟ್ಟಿ ಸೇದಿದರು. ಮಧ್ಯಾಹ್ನ ಕಳೆಯಿತು. ಗೇಟು ಕಿರ್ ಎಂದಾಗಲೆಲ್ಲ ಅವರ ಮೂಗು ಅರಳುತ್ತಿತ್ತು. ಬರುತ್ತಿದ್ದದ್ದು ಮಾತ್ರ ಖಾಲಿ ಕೊಡಪಾನ. ಮೂರೂವರೆಗೆ ಹಿತೇಶ್ ಮತ್ತೆ ಬಂದ.

“ಒಂದು ದೊಡ್ಡ ಪಾತ್ರೆ ತೊಳೀಲಿಕ್ಕುಂಟು ಸರ್. ಎಷ್ಟು ತಿಕ್ಕಿದರೂ ಜಿಡ್ಡು ಹೋಗೂದಿಲ್ಲ.”

ಮಾಷ್ಟ್ರು ಕೊನೆಯ ಕೊಡಪಾನ ಸೇದಿಕೊಟ್ಟರು. ತಳದಲ್ಲಿ ಒಂದು ಕಪ್ಪೆ, ಕೊನೆಯ ಬಸ್ಸು ತಪ್ಪಿದ ಪ್ರಯಾಣಿಕನ ಹಾಗೆ ಕೂತಿತ್ತು.

ಒಳಗೆ ಲೂರ್ಡ್ಸ್‌ಬಾಯಿ ಒಣ ಬ್ರೆಡ್ಡು ತಿಂದು, ಗಂಡನ ಜೊತೆ ಮಾತು ಬಿಟ್ಟು ಮಲಗಿದ್ದರು. ಮಾಷ್ಟ್ರು ಬೋರ್ಡು ಕಿತ್ತರು. ಹಸಿವಿಗಿಂತ ಹೆಚ್ಚಾಗಿ ಇನ್ನೇನೋ ಚುಚ್ಚುತ್ತಿತ್ತು. ಇಷ್ಟು ವರ್ಷ ಬಂದ ಪಾತ್ರೆ ಇವತ್ತು ಬರಲಿಲ್ಲ. ಎರಡು ರೂಪಾಯಿಗೆ ಎದುರುಮನೆಯ ಸಂಬಂಧವನ್ನೇ ಮಾರಿಬಿಟ್ಟೆನಲ್ಲ ಎಂದುಕೊಂಡು ಅವರು ರಸ್ತೆ ದಾಟಿದರು.

“ಉಮರಬ್ಬರೇ, ನನ್ನದು ತಪ್ಪಾಯ್ತು. ನಾಳೆಯಿಂದ ನೀರು ಮೊದಲಿನ ಹಾಗೇ, ಬಿಟ್ಟಿ.”

“ಬಾವಿಯಲ್ಲಿ ನೀರುಂಟಾ ಮಾಷ್ಟ್ರೇ?”

“ಇಲ್ಲ.”

ಉಮರಬ್ಬ ಅವರನ್ನು ಕೈಹಿಡಿದು ಕೂರಿಸಿದರು.

“ನಮಗೆ ಎಂತ ಕೋಪ? ಮುಮ್ತಾಝ್ ಒಂದು ಗಂಟೆಗೇ ಬಿರಿಯಾನಿ ಹಿಡ್ಕೊಂಡು ನಿಮ್ಮ ಗೇಟಿನವರೆಗೆ ಬಂದಿದ್ಳು. ಊಟ ಸ್ವೀಕರಿಸೂದಿಲ್ಲ ಅಂತ ಬೋರ್ಡು! ಕಲಿತವರ ನಿಯಮ ಮುರೀಬಾರದು ಅಂತ ಹಿತೇಶನ ಮನೆಗೆ ಕೊಟ್ಟು ಬಂದ್ಳು. ಒಳ್ಳೆ ಜನ ಮಾರಾಯ್ರೆ, ಪಾತ್ರೆಯನ್ನು ಈಗಷ್ಟೇ ಫಳಫಳ ತೊಳೆದು ತಂದುಕೊಟ್ಟ.”

ಮಾಷ್ಟ್ರು ಲುಂಗಿಯ ತುದಿಯಿಂದ ಮುಖ ಒರೆಸಿಕೊಂಡರು. ಉಮರಬ್ಬ ಒಳಗಿಂದ ಒಂದು ಗ್ಲಾಸು ನೀರು ತರಿಸಿ ಮುಂದಿಟ್ಟರು.

“ಕುಡೀರಿ, ಕುಡೀರಿ. ಸಂಕೋಚ ಎಂತದ್ದು? ನಿಮ್ಮದೇ ಬಾವಿಯದ್ದು. ಎರಡು ರೂಪಾಯಿ ಕೊಟ್ಟೇ ತಂದದ್ದು.”