ನಮ್ಮ ಅತ್ತಿ ಹಾರ್ನ್ ಹೊಡಿಯಾಂಗಿಲ್ಲ

ನಮ್ಮ ಅತ್ತಿ ಈ ಜನ್ಮದಾಗ ಎರಡು ವಿದ್ಯಾ ಕಲಿಯಾಂಗಿಲ್ಲ ಅಂತ ಇಳಕಲ್ಲಿನ ಅರ್ಧ ಊರು ಪಣ ಕಟ್ಟಿ ಕುಂತೈತಿ. ಒಂದು, ರೊಕ್ಕ ಖರ್ಚು ಮಾಡೋದು. ಇನ್ನೊಂದು, ಗಾಡಿ ಹೊಡಿಯೋದು. ಉಳಿದ ಅರ್ಧ ಊರು ಯಾಕ ಪಣ ಕಟ್ಟಿಲ್ಲ ಅಂತೀರೇನು? ಅತ್ತಿ ಗಾಡಿ ತಗೊಂಡು ಹೊರಗ ಬಂದಾಳೋ ಇಲ್ಲೋ ಅಂತ ಖಿಡಕಿಯಾಗ ಹಣಿಕಿ ಹಾಕಾಕ ಹತ್ತೈತಿ, ಅದಕ್ಕ ಪುರಸತ್ತಿಲ್ಲ!

ಅತ್ತಿ ಅಂದ್ರ ನಮ್ಮಪ್ಪನ ತಂಗಿ. ನಾ ಹುನಗುಂದದಾಗ ಸಾಲಿ ಟೀಚರು. ಐತವಾರ ಬಂತಂದ್ರ ಬಸ್ ಹತ್ತಿ ಇಳಕಲ್ಲಿಗೆ ಅತ್ತಿ ಮನಿಗೆ ಹೋಗ್ತೇನಿ. ಹೋಗೂ ಮುಂದ ಹೊಟ್ಟಿ ತುಂಬ ತಿಂದು ಹೋಗ್ತೇನಿ, ಅದು ಬ್ಯಾರೆ ಮಾತು. ಇದನ್ನೆಲ್ಲಾ ಬರದದ್ದು ಅತ್ತಿ ಓದಿದ್ರ ನನ್ನ ಚರ್ಮ ಸುಲಿತಾಳ. ಆದ್ರ ನನಗೇನು ಅಂಜಿಕಿಲ್ಲ. ಓದಬೇಕಂದ್ರ ಕೊಳ್ಳಬೇಕಲ್ಲ!

ಅತ್ತಿ ಮನಿಯಾಗ ಗ್ಯಾಸ್ ಸಿಲಿಂಡರ್ ಅಂದ್ರ ಹಬ್ಬಕ್ಕ ಬಂದ ಬೀಗರಿದ್ದಂಗ, ಅದಕ್ಕ ಹೆಚ್ಚು ಕೆಲಸಾ ಹೇಳಬಾರದು. ಬ್ಯಾಳಿಗೆ ಕುಕ್ಕರ್ ಇಟ್ಟು ಒಂದು ಸೀಟಿ ಆತಂದ್ರ ಗ್ಯಾಸ್ ಬಂದ್. ಆಮ್ಯಾಲ ಆ ಬಿಸಿ ಕುಕ್ಕರ್ ಪಡಸಾಲಿಗೆ ತಂದು, ಹಳೇ ಕೌದಿಯೊಳಗ ಸುತ್ತಿ, ಮ್ಯಾಲೊಂದು ಕೌದಿ ಹೊಚ್ಚಿ ಮಲಗಿಸ್ತಾಳ. ಒಳಗಿನ ಬಿಸಿಗೇ ಬ್ಯಾಳಿ ಬೇಯಬೇಕು. ಒಮ್ಮೆ ಓಣಿಗೆ ಹೊಸದಾಗಿ ಬಂದ ಹೆಣ್ಮಗಳೊಬ್ಬಾಕಿ ಅರಿಷಿಣ ಕುಂಕುಮಕ್ಕ ಕರಿಯಾಕ ಬಂದ್ಲು. ಕೌದಿ ನೋಡಿದಾಕಿನ ತುದಿಗಾಲ ಮ್ಯಾಲ ನಿಂತು ಪಿಸುಗುಟ್ಟಿದ್ಲು.

"ಕೂಸು ಮಲಗೈತೇನ್ರಿ? ಯಾರದು?"

"ನಮ್ಮದ ರೀ," ಅಂದ್ಲು ಅತ್ತಿ, ಅಗದಿ ಸಮಾಧಾನದಿಂದ. "ಈಗರ ಒಂದು ಸೀಟಿ ಹೊಡದು ಮಲಗೈತಿ. ಎಬ್ಬಿಸಬ್ಯಾಡ್ರಿ, ಹಸಿ ಉಳಿತೈತಿ."

ಆ ಹೆಣ್ಮಗಳು ಕರಿಯೋದು ಮರ್ತು ಮನಿಗೆ ಹೋದ್ಲು.

ನಮ್ಮ ರಾಜ್ಯದಾಗ ಹೆಣ್ಮಕ್ಕಳಿಗೆ ಬಸ್ಸು ಫುಕಟ ಆತು ನೋಡ್ರಿ, ಅತ್ತಿಗೆ ರೆಕ್ಕಿ ಬಂದ್ವು. ಇಳಕಲ್ಲಿನಾಗ ಬದನಿಕಾಯಿ ತುಟ್ಟಿ ಅಂತ ಗುಡೂರಿಗೆ, ಹುಣಸಿಹಣ್ಣು ತುಟ್ಟಿ ಅಂತ ಬಾದಾಮಿಗೆ! ಬ್ಯಾಸಗಿ ಮಧ್ಯಾಹ್ನ ಮನಿಯಾಗ ಫ್ಯಾನ್ ಹಚ್ಚೂ ಬದಲಿ ಹುನಗುಂದದ ಬಸ್ಸಿನ ಖಿಡಕಿ ಹತ್ರ ಕುಂತು ಒಂದು ರೌಂಡ್ ಹೊಡದು ಬರ್ತಾಳ. ಹೋಗ್ತ ಬರ್ತ ಮೆಂತ್ಯಾ ಪಲ್ಯಾ ಸೋಸೂದು ಮುಗಿತೈತಿ. ಒಂದ್ಸಲ ಕಂಡಕ್ಟರ್ ಸೈತ ಕುಂತು ಅರ್ಧ ಸಿವುಡು ಸೋಸಾಕ ಹತ್ತಿದ್ದು ನಾ ಕಣ್ಣಾರೆ ನೋಡೇನಿ.

"ಮನಿಯಾಗೂ ಹಿಂಗ ಕೆಲಸಾ ಮಾಡ್ತೀರೇನ್ರಿ?" ಅಂತ ಕೇಳಿದ್ನಿ.

"ಮನಿಯಾಗ ಮಾಡಿದ್ರ ರೂಢಿ ಆಗ್ತೈತ್ರಿ ಟೀಚರ," ಅಂದ.

ಹಿಂಗ ಉಳಿಸಿದ ರೊಕ್ಕ ಎಲ್ಲಿ ಹೋಗ್ತೈತಿ? ಅಂಗಳದಾಗ ಒಂದು ಬಿಳೀ ಕಾರು ನಿಂತೈತಲ್ಲ, ಅದರ ಹೊಟ್ಟಿಗೆ. ಅದು ನಮ್ಮ ಮಾಮಾನ ಗಾಡಿ. ಮಾಮಾ, ಅಂದ್ರ ಅತ್ತಿಯ ಗಂಡ, ಬಾದಾಮಿಗೆ ಬಂದ ಪ್ರವಾಸಿಗಳನ್ನ ಪಟ್ಟದಕಲ್ಲಿಗೆ, ಐಹೊಳಿಗೆ ತಿರುಗಾಡಿಸೋ ಡ್ರೈವರ್. ಹಳೇ ಗಾಡಿ ಕೊಟ್ಟು, ಬ್ಯಾಂಕಿನ ಸಾಲಾ ಮಾಡಿ ಇದನ್ನ ತಗೊಂಡಿದ್ರು. ಈ ಗಾಡಿಯೊಳಗ ರೇಡಿಯೋ ಹಾಕಿಸಿರಲಿಲ್ಲ. ಬೇಕಾಗಿರಲೂ ಇಲ್ಲ! ಹತ್ತಿದ ಗಳಿಗಿಯಿಂದ ಇಳಿಯೂತನಕ ಮಾಮಾನ ಬಾಯಿ ನಿಲ್ಲತಿರಲಿಲ್ಲ. ಕನ್ನಡಾ, ಹಿಂದಿ, ಮರಾಠಿ, ಮ್ಯಾಲ ಒಗ್ಗರಣಿಗೆ ಇಂಗ್ಲೀಷು. ಗುಡಿ ನೋಡಿದ್ದಕ್ಕಿಂತ ಮಾಮಾನ ಮಾತು ಕೇಳಿ ಖುಷಿ ಪಟ್ಟು ಹೋದೋರು ಭಾಳ ಮಂದಿ.

ಅಂಥ ಮಾಮಾಗ ಹೋದ ವರ್ಷ ಲಕ್ವಾ ಹೊಡೀತು. ಆಮ್ಯಾಲ ಕಾಲು ಹೊಳ್ಳಿ ಬಂತು. ಎಡಗೈ ಅರ್ಧಾ ಬಂತು. ಮಾತು ಮಾತ್ರ ತೊದಲಾಕ ಹತ್ತಿದ್ವು. ಬಾಗಲಕೋಟಿ ಡಾಕ್ಟರು ಸ್ಪಷ್ಟ ಹೇಳಿದ್ರು: "ನಾಲಿಗಿಗೆ ದಿನಾ ಕೆಲಸಾ ಕೊಡ್ರಿ, ಎಡಗೈಗೂ ಕೊಡ್ರಿ. ಸುಮ್ಮ ಕುಂತ್ರ ಇದ್ದದ್ದೂ ಹೋಗ್ತೈತಿ." ಆದ್ರ ಅಷ್ಟು ಮಾತಾಡೋ ಮನಷ್ಯಾಗ ತೊದಲೂದಂದ್ರ ಎಂಥ ನಾಚಿಕಿ! ಮಾಮಾ ಬಾಯಿ ಹೊಲಕೊಂಡು ಕುಂತ್ಬಿಟ್ರು. ನೀರು ಬೇಕಂದ್ರ ಕೊಡಾ ತೋರಸೋರು, ಸಾಕಂದ್ರ ಕೈ ಅಲ್ಲಾಡಸೋರು. ಮಾತಿನ ಕಸರತ್ತು ಕಲಸಾಕ ದವಾಖಾನಿಯಿಂದ ಬಂದ ಹುಡುಗಿ "ಅಂಕಲ್, ಅ ಅನ್ರಿ, ಆ ಅನ್ರಿ" ಅಂದ್ರ ಎದ್ದು ಹಿತ್ತಲಕ್ಕ ಹೋಗಿ, ಆಕಿ ಹೋಗೂತನಕ ಒಳಗ ಬರಲಿಲ್ಲ. ತಿಂಗಳುಗಟ್ಟಲೆ ಆ ಮನಿಯಾಗ ಕುಕ್ಕರಿನ ಒಂದು ಸೀಟಿ ಬಿಟ್ರ ಬ್ಯಾರೆ ಸಪ್ಪಳ ಇರಲಿಲ್ಲ. ನನಗ ಹೋಗಾಕ ಸಂಕಟ ಆಗ್ತಿತ್ತು, ಖರೇ ಹೇಳ್ತೇನಿ.

ನಮ್ಮಪ್ಪ ತಿಳಿಸಿ ಹೇಳಿದ. "ಗಾಡಿ ಮಾರಿ ಸಾಲಾ ತೀರಿಸವ್ವಾ. ಸುಮ್ಮ ಅಂಗಳದಾಗ ನಿಂತು ಬಡ್ಡಿ ತಿನ್ನಾಕ ಹತ್ತೈತಿ."

"ಗಾಡಿ ಮಾರಿದ್ರ, ನೀವಿನ್ನ ಗಾಡಿ ಹೊಡಿಯಾಂಗಿಲ್ಲ ಅಂತ ನಾನ ಅವರಿಗೆ ಹೇಳಿದಂಗ ಆಗ್ತೈತಿ, ಅಣ್ಣಾ," ಅಂದ್ಲು ಅತ್ತಿ. "ಆ ಮಾತು ನನ್ನ ಬಾಯಿಂದ ಬರಾಂಗಿಲ್ಲ."

ಅವತ್ತಿನಿಂದ ಇಳಕಲ್ ಸೀರಿ ಸೆರಗಿಗೆ ಕುಚ್ಚು ಕಟ್ಟಿ, ಕುಕ್ಕರಿಗೆ ಕೌದಿ ಹೊಚ್ಚಿ, ಬ್ಯಾಂಕಿನ ಕಂತು ಕಟಗೋತ ಬಂದಾಳ. ಇಷ್ಟರಾಗ ಊರಿಗೇ ಸಿಡ್ಲು ಹೊಡದಂಥ ಸುದ್ದಿ ಬಂತು. ಅತ್ತಿ ಡ್ರೈವಿಂಗ್ ಕಲಿಯಾಕ ಹತ್ಯಾಳಂತ! ಬಸ್ಸು ಫುಕಟ ಇದ್ದಾಗ ಪೆಟ್ರೋಲ್ ಸುಡೂದಂದ್ರೇನು? ಕಡ್ಡಿಪೆಟ್ಟಿಗಿ ಉಳಸಾಕ ಬಾಜೂ ಮನಿ ದೀಪದಿಂದ ದೀಪಾ ಹಚಗೊಂಡು ಬರೋ ಹೆಂಗಸು! ಆಮ್ಯಾಲ ತಿಳೀತು, ಫೀಸಿನ ಬದಲಿ ಡ್ರೈವಿಂಗ್ ಮಾಸ್ತರನ ಮಗಳ ಮದುವಿ ಸೀರಿಗೆಲ್ಲಾ ಕುಚ್ಚು ಕಟ್ಟಿ ಕೊಟ್ಟಾಳಂತ. ಆಗ ನಮ್ಮ ಜೀವಕ್ಕ ಸಮಾಧಾನ ಆತು. ಅತ್ತಿಗೆ ತೆಲಿ ಕೆಟ್ಟಿಲ್ಲ!

ಒಂದು ಐತವಾರ ನಾ ಹೋದಾಗ ಅತ್ತಿ ಗಾಡಿ ಕೀಲಿ ಹಿಡಕೊಂಡು ಅಂಗಳಕ್ಕ ಇಳದ್ಲು. ಮಾಮಾ ಹೌಹಾರಿ ಹಿಂದ ಬಂದು ಎಡಕ್ಕಿನ ಸೀಟಿನಾಗ ಕುಂತ್ರು. ಎಷ್ಟಂದ್ರೂ ಅವರ ಗಾಡಿ. ನಾ ಹಿಂದ ಕುಂತ್ನಿ, ಯಾಕ ಕುಂತ್ನೋ ದೇವರಿಗೇ ಗೊತ್ತು. ಅತ್ತಿ ಕ್ಲಚ್ ಬಿಟ್ಟಳು ನೋಡ್ರಿ, ಗಾಡಿ ಒಮ್ಮೆ ಜಿಗದು ನೆಟ್ಟಗ ಎದುರು ಮನಿ ಗೋಡಿ ಕಡೆ ಹೊಂಟ್ತು!

"ಬ್...ಬ್ರೇಕ್!"

ಗಾಡಿ ನಿಂತ್ತು. ಗೋಡಿಗೂ ಗಾಡಿಗೂ ನಡುವ ಒಂದು ಗೇಣು. ನಾ ಗಾಬರಿಗೆ ನಮ್ಮ ಮನಿದೇವರಿಗೆಲ್ಲಾ ಹರಕಿ ಹೊತ್ತು ಮುಗಿಸಿದ್ನಿ. ಅತ್ತಿ ಮಾತ್ರ ಸ್ಟೇರಿಂಗ್ ಮ್ಯಾಲ ಕೈ ಇಟ್ಟು, ಮಾಮಾನ ಮಾರಿ ನೋಡಿ, "ಏನಂದ್ರಿ? ಕೇಳಸಲಿಲ್ಲ," ಅಂದ್ಲು.

"ಬ್ರೇಕ್ ಹ...ಹಚ್ಚು, ಹುಚ್ಚೀ!"

ಇಷ್ಟು ತಿಂಗಳ ಮ್ಯಾಲ ಹೊರಗ ಬಿದ್ದ ಮಾತು ಇದು. ಹೆಂಡ್ತಿಗೆ ಹುಚ್ಚಿ ಅಂದದ್ದು! ನಾ ಹಿಂದ ಕುಂತು ಬಾಯಿಗೆ ಸೆರಗು ಹಚ್ಚಿದ್ನಿ, ನಗಾಕೋ ಅಳಾಕೋ ತಿಳಿಯವಲ್ದು.

ಅಲ್ಲಿಂದ ದಿನಾ ಸಂಜಿಕ್ಕ ಇದ ಕಥಿ. ಅತ್ತಿ ಗೇರ್ ತಪ್ಪು ಹಾಕೋದು, ಮಾಮಾ ಒದರೋದು. ಅದರ ಜೋಡಿ ಆಕಿ ಜಿಪುಣತನ ಗಾಡಿಯೊಳಗೂ ಬಂದು ಕುಂತ್ತು. ಗುಡೂರು ರಸ್ತೆದಾಗ ಒಮ್ಮೆ ಎಮ್ಮಿ ಹಿಂಡು ಅಡ್ಡ ಬಂತು.

"ಹಾರ್ನ್ ಹೊಡಿ," ಅಂದ್ರು ಮಾಮಾ.

"ಹಾರ್ನಿಗೆ ಬ್ಯಾಟ್ರಿ ಖರ್ಚಾಗ್ತೈತಿ. ನೀವ ಒದರ್ರಿ."

"ನಾ...?"

"ಮತ್ತೇನು ನಾ ಹೆಣ್ಮಗಳು ನಡುರಸ್ತೆದಾಗ ಒದರ್ಲೇನು?"

ಹಿಂದ ಒಂದು ಲಾರಿ ಬಂದು ಪೋಂ ಪೋಂ ಅನ್ನಾಕ ಹತ್ತಿತ್ತು. ಮಾಮಾ ಹಲ್ಲು ಕಡದು, ಖಿಡಕಿಯಿಂದ ತೆಲಿ ಹೊರಗ ಹಾಕಿ, ಮದ್ಲು ತೊದಲಿ, ಆಮ್ಯಾಲ ಸಿಟ್ಟಿಗೆದ್ದು ಕೂಗಿದ್ರು. "ಏ ತಮ್ಮಾ, ಎ...ಎಮ್ಮಿ ಬಾಜೂ ಹೊಡಿಯೋ! ರಸ್ತೆ ಏನ್ ನಿಮ್ಮಪ್ಪಂದೇನಲೇ?" ಎಮ್ಮಿಗೋಳು ಸರದ್ವು. ದನಾ ಕಾಯಾವ ಕೈ ಮುಗದ. ಮಾಮಾನ ಮಾರಿ ಮ್ಯಾಲ ನಾ ಭಾಳ ದಿನದ ಮ್ಯಾಲ ಒಂದು ಕಳಾ ನೋಡಿದ್ನಿ.

ಇಂಡಿಕೇಟರಂತೂ ಕೇಳಬ್ಯಾಡ್ರಿ. "ಅದರ ಬಲ್ಬ್ ಸುಟ್ರ ಯಾರ್ ಕೊಡ್ತಾರ? ಎಡಕ್ಕ ಹೊಳ್ಳೂ ಮುಂದ ನೀವ ಕೈ ಮಾಡ್ರಿ," ಅಂತ ಮಾಮಾನ ಆ ಅರ್ಧಾ ಬಂದ ಎಡಗೈನ ಖಿಡಕಿಯಿಂದ ಹೊರಗ ಹಾಕಸೋದು. ಮದ್ಲ ಬಟ್ಟು ಕಾಣತಿದ್ವು, ಆಮ್ಯಾಲ ಮುಂಗೈ, ಆಮ್ಯಾಲ ಮೊಳಕೈ. ಮನಿಗೆ ಸುಮ್ಮ ಬರಬಹುದಿತ್ತು, ಅತ್ತಿ ಎಡಕ್ಕ ಇದ್ದ ಓಣಿಗೆಲ್ಲಾ ಹೊಳ್ಳಿಸಿ, ದಾರಿ ತಪ್ಪಿತು ಅಂತ ಮತ್ತ ಎಡಕ್ಕ ಹೊಳ್ಳಸೋಳು. ಹುಟ್ಟಿ ಬೆಳದ ಊರಾಗ ದಾರಿ ತಪ್ಪಿಸಿಕೊಳ್ಳೋ ಡ್ರೈವರ್ ಇದ್ದಾರೇನ್ರಿ? ಊರ ಮಂದಿ ಕಟ್ಟಿ ಮ್ಯಾಲ ಕುಂತು ಹೊಟ್ಟಿ ಹಿಡಕೊಂಡು ನಗೋರು. ನಾನೂ ನಗತಿದ್ನಿ. ಚಂದ ನಗತಿದ್ನಿ!

ಒಂದು ಐತವಾರ ಮಾಮಾ ಊಟಾ ಮಾಡಿ ಮಲಗಿದ್ರು. ನನಗ ಸಾಲಿಯಿಂದ ಫೋನ್ ಬಂತು. ಅವತ್ತು ಮಧ್ಯಾಹ್ನ ಅಲ್ಲಿ ಯಾವುದೋ ಸರಕಾರಿ ನೌಕರಿ ಪರೀಕ್ಷಾ ಇತ್ತು, ಆ ಖೋಲಿ ಕೀಲಿ ನನ್ನ ಪರ್ಸಿನಾಗ ಉಳದಿತ್ತು! ಬಸ್ಸು ಆಗಷ್ಟ ಹೋಗಿತ್ತು. ನಾ ಅಳೂ ಹಂಗಾದ್ನಿ.

"ಗಾಡಿ ಹತ್ತು," ಅಂದ್ಲು ಅತ್ತಿ.

"ಬ್ಯಾಡ ಅತ್ತಿ, ನಾ ಇನ್ನ ಬದುಕಬೇಕು!"

"ಹತ್ತಂದ್ರ ಹತ್ತು."

ಓಣಿಯೊಳಗ ಅವತ್ತು ನೇಕಾರರು ಸೀರಿ ನೂಲು ಉದ್ದಕ ಎಳದು ಹಾಸಿದ್ರು. ಬಾಜೂಕ ಒಂದು ಗಾಡಿ ಹೋಗೂವಷ್ಟು ಜಾಗಾ ಉಳದಿತ್ತು, ಅದೂ ರಿವರ್ಸ್ ಬರಬೇಕು. ನಾ ಕಣ್ಣು ಮುಚ್ಚಿದ್ನಿ. ಕಣ್ಣು ತಗದಾಗ ಗಾಡಿ ಮುಖ್ಯ ರಸ್ತೆದಾಗ ಇತ್ತು. ಒಂದು ಎಳಿ ನೂಲು ಅಲ್ಲಾಡಿರಲಿಲ್ಲ. ಅತ್ತಿ ಇಂಡಿಕೇಟರ್ ಹಾಕಿದ್ಲು. ತಿರುವಿನಾಗ ಹಾರ್ನ್ ಹೊಡದ್ಲು. ಗೇರ್ ಬದಲಿ ಮಾಡಿದ್ದು ನನಗ ಗೊತ್ತಾಗಲೂ ಇಲ್ಲ. ಹುನಗುಂದ ಮುಟ್ಟೂತನಕ ನನ್ನ ಹೊಟ್ಟಿಯಾಗಿನ ನೀರು ಅಲ್ಲಾಡಲಿಲ್ಲ.

"ಅತ್ತೀ, ಇದೇನಿದು?"

"ಲೈಸೆನ್ಸ್ ಬಂದು ಭಾಳ ದಿನಾ ಆತು. ಮಾಮಾನ ಮುಂದ ಅಂದಿ ಅಂದ್ರ ನೋಡು."

"ಮತ್ತ ದಿನಾ ಆ ಗೋಡಿ? ಆ ಹಾರ್ನು? ಆ ಎಡಕ್ಕ ಹೊಳ್ಳೂದು? ಅತ್ತೀ, ನಿನಗ ಪೆಟ್ರೋಲಿನ ರೇಟ್ ಗೊತ್ತೈತಿಲ್ಲೋ?"

ಅತ್ತಿ ಗೇರ್ ಬದಲಿ ಮಾಡಕೋತ ಅಂದ್ಲು. "ಎಷ್ಟು ಕೇಳಕೊಂಡೆ, ಒಂದು ಮಾತು ಆಡ್ಲಿಲ್ಲವ್ವಾ. ಕಣ್ಣೀರು ಹಾಕಿದೆ, ಕಾಲು ಹಿಡದೆ. ಗಾಡಿಗೆ ಪೆಟ್ಟಾಗ್ತೈತಿ ಅಂದ ಕೂಡಲೇ ಬಾಯಿ ಬಿಟ್ರು. ಬೈಲಿ ಬಿಡು. ಅವರ ದನಿ ಮನಿಯಾಗ ಕೇಳಿದ್ರ ಸಾಕು ನನಗ. ಅದಕ್ಕ ಎಷ್ಟು ಪೆಟ್ರೋಲ್ ಸುಟ್ರೂ ತುಟ್ಟಿ ಅಲ್ಲ."

ತುಟ್ಟಿ ಅಲ್ಲ! ಈ ಮಾತು ಅತ್ತಿ ಬಾಯಿಂದ ನಾ ಮದ್ಲ ಸಲ ಕೇಳಿದ್ನಿ. ಕೀಲಿ ಕೊಡಾಕ ಇಳದ ನಾ ಸಾಲಿ ಗೇಟಿನಾಗ ನಿಂತು ಕಣ್ಣು ಒರಸಿಕೊಂಡೇ ಒಳಗ ಹೋದ್ನಿ.

ಮುಂದಿನ ಐತವಾರ ನಾನೂ ಮಾಮಾನೂ ಕಟ್ಟಿ ಮ್ಯಾಲ ಕುಂತಿದ್ವಿ. ಅತ್ತಿ ಒಳಗ ಸೀರಿ ಬದಲಿ ಮಾಡಾಕ ಹತ್ತಿದ್ಲು. ನನಗ ಒಳಗ ನಗು ತಡಿಯಾಕ ಆಗವಲ್ದು. ಮಾಮಾ ನನ್ನ ಕಡೆ ಹೊಳ್ಳಿ, ನಿಧಾನ, ಒಂದೊಂದ ಅಕ್ಷರಾ ಬಿಡಿಸಿ ಕೇಳಿದ್ರು.

"ಲೈಸೆನ್ಸ್ ಬಂದದ್ದು... ನಿನಗೂ ಹೇಳಿದ್ಲೇನು ಆಕಿ?"

"ಮಾಮಾ, ನಿಮಗ ಹೇಳಿದ್ಲೇನು?"

"ಹೇಳೂದೇನೈತಿ? ಕಲಿಯೋರು ಒಂದಿನಾ ಗೋಡಿಗೆ ಹಾಯ್ತಾರ, ಒಂದಿನಾ ದೂರ ನಿಲ್ತಾರ. ಈಕಿ ದಿನಾ ಒಂದ ಗೇಣು ಬಿಟ್ಟು ನಿಲ್ಲಸ್ತಾಳ." ಮಾಮಾ ನಕ್ಕರು. "ನನಗೂ ಬರಾಂಗಿಲ್ಲ ಅಷ್ಟು ಛಲೋ."

"ಎಲ್ಲಾ ಗೊತ್ತಿದ್ದೂ ಮತ್ಯಾಕ ದಿನಾ ಬೈತೀರಿ?"

ಮಾಮಾ ಬಾಗಲದ ಕಡೆ ನೋಡಿ ದನಿ ಇಳಿಸಿದ್ರು. "ಬೈಲಿಲ್ಲಂದ್ರ ಅಂಜತಾಳ. ಮತ್ತ ಮಾತು ನಿಂತ್ವೇನೋ ಅಂತ."

ಅತ್ತಿ ಕೀಲಿ ಹಿಡಕೊಂಡು ಹೊರಗ ಬಂದ್ಲು. ಮಾಮಾ ಎದ್ದು ಹೋಗಿ ಎಡಕ್ಕಿನ ಸೀಟಿನಾಗ ಕುಂತ್ರು. ನಾ ಹಿಂದ ಕುಂತ್ನಿ. ಅತ್ತಿ ಬಾಗಲಾ ಹಾಕೊಂಡು, ಕನ್ನಡಿ ನೋಡಿ ಕುಂಕುಮಾ ಸರಿ ಮಾಡಕೊಳ್ಳಾಕ ಹತ್ತಿದ್ಲು.

"ಬ್ರೇಕ್ ಹಚ್ಚು, ಹುಚ್ಚೀ! ಗೋಡಿ ಕಾಣಸಾಂಗಿಲ್ಲೇನು?" ಅಂತ ಮಾಮಾ ಓಣಿಗೆಲ್ಲಾ ಕೇಳೂ ಹಂಗ ಒದರಿದ್ರು.

ಗಾಡಿ ಇನ್ನೂ ಚಾಲೂನ ಆಗಿರಲಿಲ್ಲ.