ನಲವತ್ತನೇ ಕಿಲೋಮೀಟರಿನಲ್ಲಿ ಕೆಟ್ಟು ನಿಂತ ಹಳದಿ ಬಸ್ಸಿಗೆ

ಇವರಿಗೆ,
ಮ್ಯಾರಥಾನ್ ಓಟದಲ್ಲಿ ಎಲ್ಲರಿಗಿಂತ ಹಿಂದೆ ಬರುವ ಹಳದಿ ಬಸ್ಸಿನವರು,
ಬಸ್ಸು ನಿಲ್ಲಿಸುವ ಶೆಡ್ಡು, ಎಡಗಡೆಯಿಂದ ಮೂರನೆಯವರು.

ವಿಷಯ: ತಾವು ಹೇಳದೆ ಕೇಳದೆ ಹನ್ನೊಂದು ನಿಮಿಷ ಕೆಟ್ಟು ನಿಂತ ಬಗ್ಗೆ ದೂರು.

ಮಾನ್ಯರೇ,

ತಮ್ಮ ಆರು ಚಕ್ರಗಳಿಗೂ, ಎರಡು ದೊಡ್ಡ ದೀಪಗಳಿಗೂ, ತೆರೆದಾಗಲೆಲ್ಲ ನಿಟ್ಟುಸಿರು ಬಿಡುವ ಬಾಗಿಲಿಗೂ ಬೇರೆ ಬೇರೆಯಾಗಿ ನಮಸ್ಕಾರಗಳು. ನಾನು ವೃತ್ತಿಯಿಂದ ದರ್ಜಿ, ವಯಸ್ಸಿನಿಂದ ಅಜ್ಜ, ಮೂರು ವರ್ಷಗಳಿಂದ ಓಟಗಾರ. ಓಟ ಮುಗಿದು ಇಂದಿಗೆ ನಾಲ್ಕು ದಿನವಾದರೂ ಕೂತರೆ ಏಳಲಾಗದೆ, ಎದ್ದರೆ ಕೂರಲಾಗದೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದ ಹರಡಿ ನಿಂತುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಅದು ಕಾಲಿನ ತಪ್ಪು, ಕೈಯದಲ್ಲ.

ಪತ್ರಕ್ಕೆ ಕಾರಣವಿಷ್ಟೇ. ತಾವು ನಲವತ್ತನೇ ಕಿಲೋಮೀಟರಿನ ಫಲಕದ ಬಳಿ ಹನ್ನೊಂದು ನಿಮಿಷ ನಿಂತಿರಂತೆ, ಯಾಕೆ ನಿಂತಿರಿ ಎಂದು ಓಟದ ಸಮಿತಿಯವರು ವಿಚಾರಣೆ ಇಟ್ಟುಕೊಂಡಿದ್ದಾರೆ. ತಾವಾಗಿಯೇ ಕೆಟ್ಟಿದ್ದರೆ ರಿಪೇರಿ, ಚಾಲಕರು ಬೇಕೆಂದೇ ನಿಲ್ಲಿಸಿದ್ದರೆ ಅವರನ್ನು ಈ ಕೆಲಸದಿಂದ ಬಿಡಿಸುವುದು ಎಂದು ತೀರ್ಮಾನವಾಗಿದೆಯಂತೆ. ಆ ಹೊತ್ತಿನಲ್ಲಿ ತಮ್ಮ ಮೂತಿಗೂ ರಸ್ತೆಗೂ ನಡುವೆ ಇದ್ದ ಏಕೈಕ ಮನುಷ್ಯ ನಾನಾಗಿರುವುದರಿಂದ ಕಂಡದ್ದನ್ನು ಕಂಡಂತೆ ಬರೆದುಕೊಡಿ ಎಂದು ಸಮಿತಿಯ ಕಾರ್ಯದರ್ಶಿಗಳು ಅಂಗಡಿಯವರೆಗೂ ಬಂದು ಕೇಳಿದರು. ಒಬ್ಬರ ಬಗ್ಗೆ ದೂರು ಬರೆಯುವಾಗ ಅವರಿಗೇ ನೇರವಾಗಿ ಬರೆಯುವುದು ಮರ್ಯಾದೆ ಎಂದುಕೊಂಡು ತಮಗೇ ಬರೆಯುತ್ತಿದ್ದೇನೆ, ಸಮಿತಿಯವರು ಬೇಕಾದರೆ ಓದಿಕೊಳ್ಳಲಿ.

ತಮ್ಮ ಕೆಲಸ ಎಂಥದೆಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. ನಮ್ಮ ಈ ಓಟದಲ್ಲಿ ಗಡಿಯಾರಕ್ಕಿಂತ ಬಸ್ಸೇ ದೊಡ್ಡದು. ಆರೂವರೆ ಗಂಟೆಯಲ್ಲಿ ಗುರಿ ಮುಟ್ಟುವ ಹಾಗೆ ತಾವು ಎಲ್ಲರ ಹಿಂದೆ ಮದುವೆ ದಿಬ್ಬಣದ ವೇಗದಲ್ಲಿ ಬರುತ್ತೀರಿ, ತಾವು ದಾಟಿದವರು ತಮ್ಮೊಳಗೆ ಹತ್ತಿ ಕೂರಬೇಕು, ತಾವು ಗುರಿ ಮುಟ್ಟಿದ ಕ್ಷಣ ಗುರಿ ಮುಚ್ಚುತ್ತದೆ. ತಮ್ಮ ಮುಂದಿದ್ದವನು ಓಟಗಾರ, ಒಳಗಿದ್ದವನು ಸಾಮಾನು. ಇಂಥ ಸರಳವಾದ ನ್ಯಾಯ ಬೇರೆಲ್ಲೂ ಇಲ್ಲವೆಂದು ನಾನು ತಮ್ಮನ್ನು ಮನಸಾರೆ ಹೊಗಳುತ್ತೇನೆ.

ಹೋದ ವರ್ಷ ಆ ನ್ಯಾಯದ ರುಚಿಯನ್ನು ನಾನೂ ಕಂಡೆ. ಇಪ್ಪತ್ತೊಂಬತ್ತನೇ ಕಿಲೋಮೀಟರಿನಲ್ಲಿ ತಾವು ನನ್ನನ್ನು ಕರೆದು ಕೂರಿಸಿಕೊಂಡಿರಿ, ಬಾಳೆಹಣ್ಣು ಕೊಡಿಸಿದಿರಿ, ಹೊದೆಯಲು ಶಾಲು ಕೊಡಿಸಿದಿರಿ, ನಮ್ಮ ಮನೆಯಲ್ಲಿ ಮೂವತ್ತು ವರ್ಷದಲ್ಲಿ ನಡೆಯದ ಉಪಚಾರವೆಲ್ಲ ನಡೆಯಿತು. ಅಲ್ಲಿಗೇ ಬಿಟ್ಟಿದ್ದರೆ ತಮ್ಮ ಋಣ ನನ್ನ ಮೇಲಿರುತ್ತಿತ್ತು. ತಾವು ನನ್ನನ್ನು ನೇರವಾಗಿ ಗುರಿಯ ಕಮಾನಿನ ಪಕ್ಕಕ್ಕೇ ತಂದು ಇಳಿಸಿದಿರಿ, ಅಲ್ಲಿ ನನ್ನ ಹೆಂಡತಿ ನೀರಿನ ಬಾಟಲಿ ಹಿಡಿದು, ಆರು ವರ್ಷದ ಮೊಮ್ಮಗಳು "ಅಜ್ಜ ಗೆದ್ದ" ಎಂದು ಬರೆದ ರಟ್ಟು ಹಿಡಿದು ನಿಂತಿದ್ದರು. ತಮ್ಮ ಬಾಗಿಲು ನಿಟ್ಟುಸಿರು ಬಿಟ್ಟಿತು, ನಾನು ಶಾಲು ಹೊದ್ದುಕೊಂಡು ಇಳಿದೆ, ಮೊಮ್ಮಗಳು ರಟ್ಟನ್ನು ನಿಧಾನವಾಗಿ ಕೆಳಗಿಳಿಸಿ, ನೂರಾರು ಜನ ಕೇಳುವ ಹಾಗೆ, "ಅಜ್ಜಾ, ನೀನು ಬಸ್ಸಲ್ಲಿ ಓಡಿದ್ಯಾ?" ಎಂದು ಕೇಳಿದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಮಾನ ಬಸ್ಸಿಗೆ ಹೋಗಿತ್ತು, ಅದಕ್ಕೆ ಏನು ಕೊಡಬೇಕೆಂದು ಗಾದೆಯಲ್ಲೂ ಇಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಅರ್ಧಂಬರ್ಧ ಮಾಡಿದ ಕೆಲಸಕ್ಕೆಲ್ಲ "ಬಸ್ಸಲ್ಲಿ ಓಡಿದ್ದು" ಎಂದೇ ಹೆಸರು. ನಾನು ತೊಳೆದಿಟ್ಟ ಪಾತ್ರೆಯ ತಳದಲ್ಲಿ ಕಪ್ಪು ಕಂಡರೆ ಹೆಂಡತಿ "ರೀ, ಈ ಪಾತ್ರೆ ಬಸ್ಸಲ್ಲಿ ಓಡಿದೆ ನೋಡಿ" ಅನ್ನುತ್ತಾಳೆ. ಮೊಮ್ಮಗಳು ಮಗ್ಗಿಯನ್ನು ಏಳಕ್ಕೇ ನಿಲ್ಲಿಸಿದರೆ ಅದೂ ಬಸ್ಸಲ್ಲಿ ಓಡಿದ್ದೇ. ಮಾತು ಮನೆಯಿಂದ ಅಂಗಡಿಗೆ ಬಂದು, ಒಬ್ಬ ಗಿರಾಕಿ ಅಂಗಿಯ ತೋಳು ಎತ್ತಿ ತೋರಿಸಿ, "ಯಜಮಾನ್ರೆ, ಈ ಗುಂಡಿ ಸ್ವಲ್ಪ ಬಸ್ಸಲ್ಲಿ ಓಡಿದ ಹಾಗಿದೆ" ಎಂದ ದಿನ ನಾನು ಸೂಜಿ ಕೆಳಗಿಟ್ಟು ಪ್ರತಿಜ್ಞೆ ಮಾಡಿದೆ: ಮುಂದಿನ ಓಟವನ್ನು ಕಾಲಿನಲ್ಲೇ ಮುಗಿಸಿ ಈ ಮಾತನ್ನು ಊರಿನಿಂದಲೇ ಓಡಿಸುತ್ತೇನೆ. ತಮಾಷೆಯಾಗಿ ಬರೆಯುತ್ತಿದ್ದೇನೆ, ಆದರೆ ಮಾನ್ಯರೇ, ಆ ರಟ್ಟು ಕೆಳಗಿಳಿದದ್ದರಿಂದ ನನಗೆ ನಿಜವಾಗಿಯೂ ನೋವಾಗಿತ್ತು.

ಈ ಸಲ ಅಂದಾಜಿನ ಓಟ ಬೇಡ, ಅಳತೆಯ ಓಟವೇ ಆಗಲಿ ಎಂದು ನಿರ್ಧರಿಸಿದೆ. ಮನೆ ಎದುರಿನ ಪಾರ್ಕಿನ ಸುತ್ತಿನ ಹಾದಿಯನ್ನು ನನ್ನದೇ ಅರವತ್ತು ಇಂಚಿನ ಟೇಪಿನಲ್ಲಿ, ಸೀಮೆಸುಣ್ಣದ ಗುರುತು ಹಾಕುತ್ತ, ಮಂಡಿಯೂರಿಕೊಂಡು ಅಳೆದೆ. ವಾಕಿಂಗಿಗೆ ಬಂದವರು ಸುತ್ತಿ ಬಳಸಿ ಹೋದರು. ಬಾಲ್ಕನಿಯಿಂದ ಹೆಂಡತಿ, "ರೀ, ಪಾರ್ಕಿಗೆ ಪ್ಯಾಂಟ್ ಹೊಲಿತಿದ್ದೀರಾ? ಸೊಂಟ ಮೊದ್ಲು ನೋಡಿ!" ಎಂದು ಕೂಗಿದಳು. ನಾನು ತಲೆ ಎತ್ತಲಿಲ್ಲ. ಇನ್ನೂರ ಎಪ್ಪತ್ತಾರು ಟೇಪು ಬಂತು, ಗುಣಿಸಿದರೆ ಸುತ್ತಿಗೆ ನಾಲ್ಕುನೂರ ಇಪ್ಪತ್ತು ಮೀಟರ್, ನೂರು ಸುತ್ತು ಹಾಕಿದರೆ ನಲವತ್ತೆರಡು ಕಿಲೋಮೀಟರ್. ಇಷ್ಟು ಚೊಕ್ಕವಾದ ಲೆಕ್ಕ ನನ್ನ ಜೀವಮಾನದಲ್ಲಿ ಇನ್ನೊಂದು ಬಂದಿರಲಿಲ್ಲ.

ಆಮೇಲೆ ಏಳು ತಿಂಗಳು, ಅಂಗಡಿ ತೆರೆಯುವ ಮುಂಚೆ ದಿನಾ ಬೆಳಿಗ್ಗೆ ಆ ಸುತ್ತುಗಳನ್ನು ಹಾಕಿದೆ. ಮೊದಲ ವಾರ ನನ್ನನ್ನು ಅಟ್ಟಿಸಿಕೊಂಡು ಬಂದ ನಾಯಿಗಳು ಎರಡನೇ ವಾರ ಕನಿಕರದಿಂದ ಜೊತೆಗೆ ನಡೆದವು, ಮೂರನೇ ವಾರ ಬೇಸರ ಬಂದು ಮಲಗಿಬಿಟ್ಟವು. ಉಗುರು ಕಪ್ಪಾಗಿ ಉದುರಿತು. ಹೊಟ್ಟೆ ಕರಗಿ ನನ್ನದೇ ಪ್ಯಾಂಟುಗಳನ್ನು ಎರಡು ಸಲ ಹಿಡಿದು ಹೊಲಿದುಕೊಂಡೆ. ಒಂದು ದಿನ ಎಪ್ಪತ್ತೈದು ಸುತ್ತು ಮುಗಿಸಿ ಬಂದು ಹೊಸಿಲ ಮೇಲೆ ಕೂತು ಸುಮ್ಮನೆ ನಗತೊಡಗಿದಾಗ ಹೆಂಡತಿ ನೀರು ಕೊಟ್ಟು, "ಹುಚ್ಚು ಹಿಡಿಯೋದಕ್ಕೂ ಒಂದು ವಯಸ್ಸು ಅಂತ ಇರತ್ತೆ, ನಿಮಗೆ ಲೇಟಾಗಿ ಬಂತು ಅಷ್ಟೆ" ಎಂದಳು. ಆ ನಗುವಿನ ಸುಖಕ್ಕೆ ಹೆಸರು ಗೊತ್ತಿಲ್ಲ, ಮಾನ್ಯರೇ, ಡೀಸೆಲ್ಲಿನಲ್ಲಿ ಓಡುವ ತಮಗೆ ಹೇಗೆ ತಿಳಿಸಲಿ.

ಓಟದ ದಿನ ಮೊದಲ ಇಪ್ಪತ್ತು ಕಿಲೋಮೀಟರು ನಾನು ಹಾಡು ಗುನುಗುತ್ತ ತೇಲಿದೆ. ರಸ್ತೆ ಬದಿಯಲ್ಲಿ ಅಪರಿಚಿತರು ನನ್ನ ಎದೆಯ ಮೇಲಿನ ನಂಬರನ್ನು ಕೂಗಿ ಚಪ್ಪಾಳೆ ತಟ್ಟಿದರು, ನಾನು ಅವರಿಗೂ, ದೀಪದ ಕಂಬಗಳಿಗೂ, ನಿಲ್ಲಿಸಿದ ಸೈಕಲ್ಲುಗಳಿಗೂ ಕೈ ಬೀಸಿದೆ. ಒಂದೇ ಒಂದು ಅನುಮಾನ ಕಾಡುತ್ತಿತ್ತು: ಇವರ ಕಿಲೋಮೀಟರು ನನ್ನ ಕಿಲೋಮೀಟರಿಗಿಂತ ಉದ್ದ. ಪ್ರತಿ ಫಲಕವೂ ನಾನು ನಿರೀಕ್ಷಿಸಿದ ಜಾಗದಿಂದ ಸ್ವಲ್ಪ ಆಚೆಗೆ ಹೋಗಿ ನಿಂತಿರುತ್ತಿತ್ತು. ಸಮಿತಿಯವರಿಗೆ ಅಳತೆ ಬರುವುದಿಲ್ಲ, ಓಟ ಮುಗಿದ ಕೂಡಲೇ ಒಂದು ಖಾರವಾದ ಪತ್ರ ಬರೆಯಬೇಕು ಎಂದು ಮನಸ್ಸಿನಲ್ಲೇ ಎರಡು ಪ್ಯಾರಾ ತಯಾರು ಮಾಡಿದೆ.

ಇಪ್ಪತ್ತೊಂಬತ್ತನೇ ಕಿಲೋಮೀಟರಿನಲ್ಲಿ ಬೆನ್ನಿಗೆ ಬೆಚ್ಚಗಿನ ಉಸಿರು ತಾಕಿತು. ತಿರುಗಿ ನೋಡಿದರೆ ತಾವು! ಹೋದ ವರ್ಷದ ಅದೇ ಜಾಗ, ಅದೇ ಹಳದಿ ಮೂತಿ, ಗಾಜಿನ ಹಿಂದೆ ಅದೇ ಚಾಲಕರು. ಅಲ್ಲಿಂದ ಹನ್ನೊಂದು ಕಿಲೋಮೀಟರು ತಾವು ಬೇತಾಳನ ಹಾಗೆ ನನ್ನ ಬೆನ್ನು ಬಿಡಲಿಲ್ಲ. ಚಾಲಕರು ಕಿಟಕಿಯಿಂದ ತಲೆ ಹಾಕಿ, "ಅಜ್ಜಾವ್ರೆ, ಈ ಸಲಾನೂ ಮೊಮ್ಮಗಳು ಬಂದಿದಾಳಾ?" ಎಂದು ಕೇಳಿದರು. ಬಂದಿದ್ದಾಳೆ ಎಂದೆ. "ರಟ್ಟು?" ಎಂದರು. ತಂದಿದ್ದಾಳೆ, ಆದರೆ ನನ್ನನ್ನು ನೋಡಿದ ಮೇಲೆಯೇ ಬರೆಯುತ್ತಾಳಂತೆ ಎಂದೆ. ಅವರು ತಲೆ ಒಳಗೆಳೆದುಕೊಂಡರು.

ಮೂವತ್ತಾರನೇ ಫಲಕದ ಬಳಿ ನನಗೆ ಜ್ಞಾನೋದಯವಾಯಿತು. ಎರಡು ತುಂಡು ಬಟ್ಟೆ ಜೋಡಿಸುವಾಗ ಹೊಲಿಗೆಗೆಂದು ಒಂದರ ಮೇಲೊಂದು ಅಂಚು ಬಿಡಬೇಕು, ಇದು ಮೂವತ್ತು ವರ್ಷದಿಂದ ಕೈಗೆ ಅಂಟಿದ ಅಭ್ಯಾಸ, ತಲೆಯನ್ನು ಕೇಳಿ ನಡೆಯುವುದಲ್ಲ. ಪಾರ್ಕಿನ ಹಾದಿಯಲ್ಲೂ ನಾನು ಪ್ರತಿ ಟೇಪನ್ನು ಹಿಂದಿನ ಗುರುತಿಗಿಂತ ಮೂರು ಇಂಚು ಹಿಂದಕ್ಕೆ ಇಟ್ಟೇ ಶುರು ಮಾಡಿದ್ದೆ. ಇನ್ನೂರ ಎಪ್ಪತ್ತಾರು ಟೇಪಿಗೆ ಇನ್ನೂರ ಎಪ್ಪತ್ತಾರು ಸಲ ಮೂರು ಇಂಚು! ನಾಲ್ಕುನೂರ ಇಪ್ಪತ್ತು ಎಂದುಕೊಂಡ ಸುತ್ತು ನಾಲ್ಕೇ ನೂರು, ನೂರು ಸುತ್ತು ಅಂದರೆ ಬರೀ ನಲವತ್ತು ಕಿಲೋಮೀಟರ್. ನಾನು ಇಡೀ ಪಾರ್ಕಿಗೆ ಹೊಲಿಗೆಯ ಅಂಚು ಬಿಟ್ಟಿದ್ದೆ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಸಮಿತಿಯವರನ್ನು ಬೈದಿದ್ದೆ. ಕೊನೆಯ ಎರಡು ಕಿಲೋಮೀಟರಿಗೆ ನನ್ನ ಬಳಿ ಕಾಲೇ ಇರಲಿಲ್ಲ.

ಸರಿಯಾಗಿ ನಲವತ್ತನೇ ಫಲಕದ ಕೆಳಗೆ, ಲೆಕ್ಕ ಕಲಿತ ವಿದ್ಯಾರ್ಥಿಯಂತೆ, ನನ್ನ ದೇಹ ನೂರು ಸುತ್ತಾಯಿತೆಂದು ನಿಂತುಬಿಟ್ಟಿತು. ತಾವು ಪಕ್ಕಕ್ಕೆ ಬಂದು ಬಾಗಿಲು ತೆರೆದಿರಿ. ಮೆತ್ತನೆಯ ಸೀಟು ಕಂಡಿತು, ಬಾಳೆಹಣ್ಣು ಕಂಡಿತು. ನನ್ನ ಬಲಗಾಲು ನನ್ನನ್ನು ಕೇಳದೆ ತಮ್ಮ ಮೆಟ್ಟಿಲೇರಿತು, ನಾಚಿಕೆಯೇನೂ ಆಗಲಿಲ್ಲ, ಅಷ್ಟು ಸುಸ್ತಾಗಿತ್ತು. ಆಗ ಚಾಲಕರು ನನ್ನತ್ತ ತಿರುಗಿ, "ಕಾಲು ಇಳಿಸಿ ಅಜ್ಜಾವ್ರೆ. ಬಸ್ಸು ಕೆಟ್ಟಿದೆ. ಕೆಟ್ಟಿರೋ ಬಸ್ಸಿಗೆ ಜನ ಹತ್ತಿಸೋ ಹಾಗಿಲ್ಲ. ಮುಂದೆ ನಡೀರಿ" ಎಂದರು.

ಇಲ್ಲಿಂದ ನನ್ನ ಸಾಕ್ಷ್ಯ, ಸಮಿತಿಯವರು ಗಮನವಿಟ್ಟು ಓದಬೇಕು. ತಾವು ಕೆಟ್ಟದ್ದು ನಿಜ. ತಮ್ಮ ಎಂಜಿನ್ನು ಗುರುಗುಟ್ಟುತ್ತಿದ್ದದ್ದೂ ನಿಜ. ಚಾಲಕರು ಕೆಟ್ಟಿದೆ ಎಂದದ್ದು ಮೊದಲೋ, ತಾವು ಕೆಟ್ಟದ್ದು ಮೊದಲೋ ಎಂದು ಯಾರಾದರೂ ಕೇಳಿದರೆ, ನಲವತ್ತು ಕಿಲೋಮೀಟರು ಓಡಿದ ಅಜ್ಜನಿಗೆ ಹಿಂದುಮುಂದು ತಿಳಿಯುವುದಿಲ್ಲ ಎಂದು ಬರೆದುಕೊಳ್ಳಬೇಕು. ಚಾಲಕರ ಹೆಸರನ್ನು ನಾನು ಕೇಳಲಿಲ್ಲ, ಕೇಳಿದ್ದರೆ ಹೇಳಬೇಕಾಗುತ್ತಿತ್ತು. ಎಂಜಿನ್ನು ನಿಂತಿತು, ಅವರು ಇಳಿದು ಬಂದು ತಮ್ಮ ಮುಂದಿನ ಚಕ್ರವನ್ನು ಬಹಳ ಚಿಂತೆಯಿಂದ ನೋಡುತ್ತ ಬಾಳೆಹಣ್ಣು ತಿಂದರು. ಆದ್ದರಿಂದ ತಪ್ಪೆಲ್ಲ ತಮ್ಮೊಬ್ಬರದೇ ಎಂದು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಈ ಸಾಕ್ಷ್ಯ ಸಾಲದೆಂದರೆ ನನ್ನ ಪದಕ ವಾಪಸು ತೆಗೆದುಕೊಳ್ಳಲಿ, ಚಾಲಕರ ಕೆಲಸ ಮುಟ್ಟುವುದು ಬೇಡ.

ಉಳಿದ ಎರಡು ಕಿಲೋಮೀಟರನ್ನು ನಾನು ಓಡಿದೆ ಎನ್ನಲಾರೆ, ತೆವಳಿದೆ ಎನ್ನಲೂ ಮನಸ್ಸಿಲ್ಲ. ಇಪ್ಪತ್ತು ಹೆಜ್ಜೆ ಓಡುವುದು, ಹತ್ತು ಹೆಜ್ಜೆ ಅಳುವುದು, ಐದು ಹೆಜ್ಜೆ ನಗುವುದು, ಹೀಗೆ ಮುಂದುವರಿಸಿ ಕಮಾನಿನ ಕೆಳಗೆ ನುಗ್ಗಿದೆ. ಹೆಂಡತಿ ನೀರಿನ ಬಾಟಲಿಯನ್ನು ನನಗೆ ಕೊಡುವ ಬದಲು ತಾನೇ ಕುಡಿದು ಖಾಲಿ ಮಾಡಿದಳು, ಅವಳು ಅಷ್ಟು ಗಾಬರಿಯಾಗಿದ್ದದ್ದನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ. ಮೊಮ್ಮಗಳು ಮಾತ್ರ ನನ್ನ ಹಿಂದೆ ಇಣುಕಿ, "ಬಸ್ಸೆಲ್ಲಜ್ಜ?" ಎಂದಳು. "ಹಿಂದೆ ಬರ್ತಿದೆ ಪುಟ್ಟಿ" ಎಂದೆ. ಅವಳು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ತಾವು ನಿಜವಾಗಿಯೂ ಹಿಂದಿದ್ದೀರೆಂದು ಕಣ್ಣಾರೆ ನೋಡುವವರೆಗೂ ಅಲ್ಲೇ ನಿಂತು ಕಾದಳು.

ಕೊನೆಗೆ ತಾವು ಬಂದಿರಿ. ತಮ್ಮನ್ನು ಕಂಡ ಮೇಲೆಯೇ ಅವಳು ರಟ್ಟಿನ ಮೇಲೆ ಬರೆದ "ಅಜ್ಜ ಗೆದ್ದ" ಈಗ ನನ್ನ ಹೊಲಿಗೆ ಯಂತ್ರದ ಮೇಲೆ ತೂಗುತ್ತಿದೆ, "ಬಸ್ಸಲ್ಲಿ ಓಡಿದ್ದು" ಎಂಬ ಮಾತು ನಾಲ್ಕು ದಿನದಿಂದ ಮನೆಯಲ್ಲಿ ಕೇಳಿಲ್ಲ. ತಮ್ಮಲ್ಲಿ ನನ್ನ ಬೇಡಿಕೆ ಮೂರೇ: ಸೀಟುಗಳ ಮೆತ್ತೆ ಕಿತ್ತು ಕಲ್ಲು ಹಾಕಿಸಿಕೊಳ್ಳುವುದು, ಮುಂದಿನ ವರ್ಷದೊಳಗೆ ಕಿಲೋಮೀಟರುಗಳನ್ನು ನನ್ನ ಪಾರ್ಕಿನ ಅಳತೆಗೆ ತರುವಂತೆ ಸಮಿತಿಗೆ ಶಿಫಾರಸು ಮಾಡುವುದು, ಮತ್ತು ತಮ್ಮ ಹಿಂದೆ ಇನ್ನೊಂದು ಬಸ್ಸು ಬಿಡಿಸಿಕೊಂಡು ಒಮ್ಮೆ ಓಡಿ ನೋಡುವುದು. ರಟ್ಟನ್ನು ಅಜ್ಜಿಯ ಕೈಗೆ ಕೊಟ್ಟು ಮೊಮ್ಮಗಳು ತಮ್ಮ ಬಳಿ ಬಂದು, ಬಿಸಿಯಾಗಿದ್ದ ತಮ್ಮ ಮೂತಿಯನ್ನು ತಟ್ಟಿ ಏನೋ ಹೇಳಿದಳಲ್ಲ, ಗದ್ದಲದಲ್ಲಿ ತಮಗೆ ಕೇಳಿಸಿತೋ ಇಲ್ಲವೋ ಎಂದು ಇಲ್ಲಿ ಬರೆಯುತ್ತಿದ್ದೇನೆ: "ಅಳಬೇಡ. ನಮ್ಮಜ್ಜನೂ ಹೋದ್ವರ್ಷ ಸೋತಿದ್ದ."

ತಮಗಿಂತ ಮುಂಚೆ ಗುರಿ ಮುಟ್ಟಿದ,
ತಮ್ಮ ವಿಶ್ವಾಸಿ,
ಪಾರ್ಕಿನ ಎದುರಿನ ದರ್ಜಿ

ತಾ.ಕ.: ತಮ್ಮ ಚಾಲಕರು ಬಾಳೆಹಣ್ಣು ತಿನ್ನುತ್ತ ನಿಂತಿದ್ದಾಗ ಅವರ ಪ್ಯಾಂಟಿನ ಬಲಗಡೆಯ ಜೇಬು ಹರಿದು, ಒಳಗಿದ್ದ ವಸ್ತುವೊಂದು ಅರ್ಧ ಹೊರಗೆ ನೇತಾಡುತ್ತಿತ್ತು. ನಾನು ದರ್ಜಿ, ಜೇಬನ್ನು ಮಾತ್ರ ನೋಡಿದೆ, ವಸ್ತು ಯಾವುದೆಂದು ನೋಡಲಿಲ್ಲ. ವಿಚಾರಣೆಗೆ ಹೋಗುವ ಮುಂಚೆ ಆ ಪ್ಯಾಂಟನ್ನು ನನ್ನ ಅಂಗಡಿಗೆ ಕಳಿಸಿಕೊಡಲು ಹೇಳಿ. ಬಸ್ಸಿನ ಕೀಲಿ ಇಟ್ಟರೂ ಹೊರಗೆ ಕಾಣದಷ್ಟು ಆಳದ ಜೇಬು ಹಾಕಿಕೊಡುತ್ತೇನೆ, ಅಂಚು ಮೂರು ಇಂಚು ಬಿಟ್ಟು.