ಗುಡ್ಡೆಗೊಂದು ಹಾರ

ಆ ದಿನದ ರಾಮಾಯಣಕ್ಕೆಲ್ಲ ಕಾರಣ, ಸರ್ವಮಂಗಳಮ್ಮ ಒಗ್ಗರಣೆ ಮಂಡಕ್ಕಿಯ ತಟ್ಟೆಯನ್ನು ಗಂಡನ ಮುಂದಿಡುತ್ತ ಆಡಿದ ಒಂದು ಮಾತು.

"ಪಕ್ಕದ್ಮನೆ ಉಚ್ಚಂಗಪ್ಪನೋರನ್ನ ನೋಡ್ರಿ. ಅವರ ಪಾಲಿನ ಹೊಳೆದಂಡೆ ಗುಡಿಸಿಟ್ಟ ಅಂಗಳದಂಗೆ ಐತೆ. ನಮ್ಮ ಪಾಲಿನಾಗೆ ಇನ್ನೂ ಎಮ್ಮೆ ಹೊರಳಾಡ್ತಾವೆ."

ಪರಮಶಿವಪ್ಪ ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಶಿಕಾರಿಪುರದ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಅವನಿಗೆ ಊರಿನಲ್ಲಿ ಬೇರೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಇದ್ದಷ್ಟನ್ನೂ ಅಕ್ಕಿ ವ್ಯಾಪಾರಿ ಉಚ್ಚಂಗಪ್ಪನೊಬ್ಬನಿಗೇ ಮೀಸಲಿಟ್ಟಿದ್ದ. ಉಚ್ಚಂಗಪ್ಪ ರೇಡಿಯೋ ತಂದಾಗ ಇವನಿಗೆ ಜ್ವರ ಬಂದಿತ್ತು. ಉಚ್ಚಂಗಪ್ಪ ಹಲ್ಲುನೋವೆಂದು ಶಿವಮೊಗ್ಗದ ದೊಡ್ಡ ಡಾಕ್ಟರ ಹತ್ತಿರ ಹೋಗಿ ಬಂದಾಗಲಂತೂ, ತನ್ನ ಹಲ್ಲುಗಳೆಲ್ಲ ಗಟ್ಟಿಯಾಗಿವೆಯಲ್ಲ ಎಂದು ಕೊರಗಿದ್ದ.

ಊರೂರಲ್ಲೂ ಶ್ರಮದಾನದ ಹುರುಪು ಎದ್ದಿದ್ದ ಕಾಲ ಅದು. ಬೇರೆ ಊರಿನವರು ರಸ್ತೆ ಹಾಕಿದರೆ ಶಿಕಾರಿಪುರದವರು ಕುಮುದ್ವತಿ ಹೊಳೆಯನ್ನೇ ಹಿಡಿದುಕೊಂಡಿದ್ದರು. ವರ್ಷಗಟ್ಟಲೆ ಪೇಟೆಯ ಹರಕುಮುರಕೆಲ್ಲ ಬಿದ್ದು ಸ್ನಾನದ ಮಡು ಹೂತುಹೋಗಿತ್ತು. ಮಳೆಗಾಲದೊಳಗೆ ಹೂಳು ತೆಗೆದು, ಮಕ್ಕಳು ಈಜುವಂತೆ, ದೊಡ್ಡವರು ಸಂಜೆ ಕೂತು ಗಾಳಿ ಸೇವಿಸುವಂತೆ ಮಾಡಬೇಕೆಂದು ಸಭೆ ಸೇರಿ ತೀರ್ಮಾನಿಸಿ, ಹಗ್ಗ ಹಿಡಿದು ಮನೆಗೊಂದು ತುಂಡು ದಂಡೆ ಹಂಚಿದ್ದರು. ಇವತ್ತು ಸಂಜೆ ಬಿ.ಡಿ.ಓ. ಸಾಹೇಬರು ಬಂದು, ಎಲ್ಲರಿಗಿಂತ ಚೆನ್ನಾಗಿ ದುಡಿದವನಿಗೆ ಹಾರ ಹಾಕಿ, ಹರಿಗೋಲಿನಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಮಡುವಿನಲ್ಲಿ ಸುತ್ತಾಡುವವರಿದ್ದರು. ಇಡೀ ಊರು ದಂಡೆಯ ಮೇಲೆ ನಿಂತು ನೋಡುವುದಿತ್ತು.

ಆ ಹರಿಗೋಲಿನಲ್ಲಿ ಉಚ್ಚಂಗಪ್ಪ ಕೂತ ಚಿತ್ರ ಕಣ್ಣಿಗೆ ಕಟ್ಟಿದ್ದೇ ಪರಮಶಿವಪ್ಪನ ಹೊಟ್ಟೆಯಲ್ಲಿ ಒಲೆ ಉರಿಯತೊಡಗಿತು. ತನಗೆ ಸಿಗದಿದ್ದರೂ ಚಿಂತೆಯಿಲ್ಲ, ಅವನಿಗೆ ಮಾತ್ರ ಸಿಗಬಾರದು. ಅದೃಷ್ಟಕ್ಕೆ ಉಚ್ಚಂಗಪ್ಪ ಊರಲ್ಲಿರಲಿಲ್ಲ. ಅಂಜನಾಪುರದ ಕೆರೆಯ ಬೆಸ್ತರಿಂದ ಹರಿಗೋಲು ತರಲು ನಸುಕಿನಲ್ಲೇ ಗಾಡಿ ಕಟ್ಟಿಕೊಂಡು ಹೋಗಿದ್ದ. ಪರಮಶಿವಪ್ಪ ಅಂಗಡಿಯ ಬಾಗಿಲು ಎಳೆದು, ಬುಟ್ಟಿ ಸಲಿಕೆ ಹಿಡಿದು ಹೊಳೆಗೆ ನಡೆದ.

ಉಪಾಯ ಸರಳವಾಗಿತ್ತು. ತನ್ನ ಪಾಲಿನ ಹೂಳನ್ನು ತೆಗೆದು, ಮೂಲೆಯಲ್ಲಿ ಒಂದು ಪುಟ್ಟ ಗುಡ್ಡೆ ಬಿಟ್ಟರೆ ಚೊಕ್ಕವಾಗಿದ್ದ ಉಚ್ಚಂಗಪ್ಪನ ದಂಡೆಯ ಮೇಲೆ ಸುರಿಯುವುದು. ಒಡೆದ ಮಡಕೆ, ಬಳೆ ಚೂರು, ಕೊಳೆತ ಚಾಪೆ ಸೇರಿದ, ಯಾವ ರೈತನೂ ಗದ್ದೆಗೆ ಬೇಡವೆನ್ನುವ ಕರಿ ಕೆಸರು ಅದು. ಹುಟ್ಟಿದಾರಭ್ಯ ಬೆಲ್ಲದ ಅಚ್ಚಿಗಿಂತ ಭಾರದ್ದೇನನ್ನೂ ಎತ್ತಿರದ ಪರಮಶಿವಪ್ಪ ಆ ಬೆಳಿಗ್ಗೆ ಮೈಮೇಲೆ ಬಂದವನಂತೆ ಹೊತ್ತ. ಪಂಚೆ ಕೆಸರಾಯಿತು, ಸೊಂಟ ಹಿಡಿಯಿತು. ಆದರೂ ಒಂದೊಂದು ಬುಟ್ಟಿ ಸುರಿದಾಗಲೂ ಹೊಟ್ಟೆ ತಣ್ಣಗಾಗುತ್ತಿತ್ತು.

ಹೊತ್ತೇರಿದಾಗ ಎದುರುಮನೆಯ ವರದಮ್ಮ ಬಟ್ಟೆ ಗಂಟು ಹೊತ್ತು ಬಂದಳು. ಕೇರಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ತಿಳಿಯುವುದು ಅವಳಿಗೆ. ಗಂಟು ಇಳಿಸಿ, ಸೊಂಟಕ್ಕೆ ಕೈಕೊಟ್ಟು, ಇವನು ಸುರಿಯುವುದನ್ನೇ ನೋಡಿದಳು. ಸಿಕ್ಕಿಬಿದ್ದೆನೆಂದು ಪರಮಶಿವಪ್ಪ ಬುಟ್ಟಿಯನ್ನು ತಲೆಯ ಮೇಲೇ ಇಟ್ಟುಕೊಂಡು ನಿಂತುಬಿಟ್ಟ. ಆದರೆ ವರದಮ್ಮನ ಕಣ್ಣಲ್ಲಿ ನೀರು ತುಂಬಿತು.

"ಅಲ್ರೀ ಪರಮಶಿವಪ್ಪನೋರೆ, ಎಂಥ ಮನಸು ನಿಮ್ಮದು. ಹರಿಗೋಲು ತರಾಕೆ ಹೋಗಿ ಉಚ್ಚಂಗಪ್ಪನೋರಿಗೆ ಇವತ್ತಿನ ಕೆಲಸ ತಪ್ಪಿತು ಅಂತ ನಿಮ್ಮ ಕೆಸರನ್ನೇ ಅವರ ಲೆಕ್ಕಕ್ಕೆ ಹಾಕಾಕೆ ಹತ್ತೀರಲ್ಲ."

"ಯಾವ ಲೆಕ್ಕ?" ಎಂದ ಪರಮಶಿವಪ್ಪ.

"ಅದೇರಿ, ಸಭೆಯಾಗೆ ಹೇಳಿದ್ರಲ್ಲ. ಯಾರ ಪಾಲಿನಾಗೆ ಹೂಳಿನ ದೊಡ್ಡ ಗುಡ್ಡೆ ಐತೋ ಹಾರ ಅವರಿಗೆ ಅಂತ. ಓವರ್‌ಸಿಯರು ಟೇಪು ಹಿಡಿದು ಅಳೀತಾರೆ."

ಪರಮಶಿವಪ್ಪ ಆ ಸಭೆಗೆ ಹೋಗಿರಲಿಲ್ಲ. ಉಚ್ಚಂಗಪ್ಪನನ್ನು ಅಧ್ಯಕ್ಷನ ಕುರ್ಚಿಯಲ್ಲಿ ನೋಡಲಾರದೆ ಮನೆಯಲ್ಲಿ ಮುಸುಕೆಳೆದು ಮಲಗಿದ್ದ. ಈಗ ಅವನ ಕಾಲ ಕೆಳಗಿನ ಕೆಸರು ಇನ್ನಷ್ಟು ಮೆತ್ತಗಾದಂತಾಯಿತು. ಸುರಿದದ್ದನ್ನು ವಾಪಸು ತುಂಬಲು ಬಗ್ಗಿದರೆ ವರದಮ್ಮ ಸಲಿಕೆ ಕಿತ್ತುಕೊಂಡು, ದಣಿದಿದ್ದೀರಿ, ನೆರಳಲ್ಲಿ ಕೂತುಕೊಳ್ಳಿ ಎಂದು ಅಕ್ಕರೆಯಿಂದ ಗದರಿಸಿದಳು. ಅರ್ಧ ಗಳಿಗೆಯಲ್ಲಿ ಕೇರಿಗೆ ಕೇರಿಯೇ ದಂಡೆಯಲ್ಲಿತ್ತು. ಪರಮಶಿವಪ್ಪನ ದೊಡ್ಡತನ ಕೇಳಿ ಕರಗಿದ ಜನ ಅವನ ಪಾಲಿನಲ್ಲಿ ಉಳಿದ ಕೆಸರನ್ನೆಲ್ಲ ತಾವೇ ಹೊತ್ತು ಉಚ್ಚಂಗಪ್ಪನ ದಂಡೆಗೆ ಸುರಿದರು. ಬೇಡವೆಂದಷ್ಟೂ, ಸಂಕೋಚದ ಮನುಷ್ಯ ಎಂದು ಹೊಗಳಿದರು. ಮರದ ಬುಡದಲ್ಲಿ ಕೂತು ಅವರು ಕೊಟ್ಟ ಮಜ್ಜಿಗೆ ಕುಡಿಯುತ್ತ, ಶತ್ರುವಿನ ಗುಡ್ಡೆ ಆಳೆತ್ತರ ಬೆಳೆಯುವುದನ್ನು ಪರಮಶಿವಪ್ಪ ನೋಡಿದ.

ಸಂಜೆ ಸಾಹೇಬರು ಬಂದರು. ಬೆಳಿಗ್ಗೆ ಅಂಜನಾಪುರದಲ್ಲಿದ್ದ ಓವರ್‌ಸಿಯರು ಉಚ್ಚಂಗಪ್ಪನ ಗಾಡಿಯಲ್ಲೇ ಬಂದಿಳಿದಿದ್ದರು. ಟೇಪು ಹಿಡಿದು ಅಳೆದು, ಉಚ್ಚಂಗಪ್ಪನ ಗುಡ್ಡೆಯೇ ಎಲ್ಲಕ್ಕಿಂತ ದೊಡ್ಡದೆಂದು ಸಾರಿದರು. ಸಾಹೇಬರು ಹಾರ ಎತ್ತಿಕೊಂಡರು. ಪರಮಶಿವಪ್ಪ ಕಣ್ಣು ಮುಚ್ಚಿಕೊಂಡ. ಆಗ ಉಚ್ಚಂಗಪ್ಪ ಕೈ ಮುಗಿದು ಮುಂದೆ ಬಂದ.

"ಸ್ವಾಮಿ, ಈ ಹಾರ ನನಗೆ ಸಲ್ಲಂಗಿಲ್ಲ. ಹೊತ್ತೋರು ಪರಮಶಿವಪ್ಪನೋರು, ಊರೆಲ್ಲ ನೋಡೈತೆ. ನಾನು ಮೊದಲು ತೆಗೆದಿದ್ದ ನಾಕು ಬುಟ್ಟಿನೂ ಅದರ ಅಡಿಗೆ ಮುಚ್ಚಿಹೋಗ್ಯಾವೆ. ಇಡೀ ಗುಡ್ಡೆ ಅವರದೇ ಅನ್ರಿ."

ಪರಮಶಿವಪ್ಪ ಕಣ್ಣು ತೆರೆದ. ಈ ಗುಡ್ಡೆ ನಿಮ್ಮದೇ ಎಂದು ಒಪ್ಪಿಕೊಳ್ಳುತ್ತೀರಾ ಎಂದು ಸಾಹೇಬರು ಕೇಳಿದರು. ಉಚ್ಚಂಗಪ್ಪನ ನಾಕು ಬುಟ್ಟಿಯೂ ಅನಾಯಾಸವಾಗಿ ತನ್ನ ಪಾಲಿಗೆ ಬಂದ ಖುಷಿಯಲ್ಲಿ ಪರಮಶಿವಪ್ಪ ಎದೆ ಉಬ್ಬಿಸಿ, ಊರಿಗೆಲ್ಲ ಕೇಳುವಂತೆ ಹೇಳಿದ.

"ನಂದೇ ಸ್ವಾಮಿ. ಒಂದೊಂದು ಬುಟ್ಟಿನೂ ನಂದೇ."

ಹಾರ ಬಿತ್ತು, ಚಪ್ಪಾಳೆ ಬಿತ್ತು. ಹರಿಗೋಲು ಮಡುವಿನ ನಡುವೆ ಮೆಲ್ಲಗೆ ತಿರುಗಿತು. ಈಜು ಬಾರದ ಪರಮಶಿವಪ್ಪ ಒಂದು ಕೈಯಲ್ಲಿ ಅಂಚು ಹಿಡಿದು ಇನ್ನೊಂದು ಕೈಯನ್ನು ಊರಿನತ್ತ ಬೀಸಿದ. ದಂಡೆಯ ಮೇಲೆ ಉಚ್ಚಂಗಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಜನ್ಮದಲ್ಲಿ ಮೊದಲ ಸಲ ಪರಮಶಿವಪ್ಪನಿಗೆ ಅವನ ಮೇಲೆ ಪ್ರೀತಿ ಬಂತು.

"ನಿಮ್ಮಂಥೋರು ಒಪ್ಪಿಕೊಂಡಿದ್ದು ಒಳ್ಳೇದಾತು," ಎಂದರು ಎದುರಿಗೆ ಕೂತಿದ್ದ ಓವರ್‌ಸಿಯರು. "ಮೊದಲ ಮಳೆ ಬಂದ್ರೆ ಗುಡ್ಡೆಯೆಲ್ಲ ತಿರುಗಿ ಹೊಳೆಗೇ ಇಳೀತದೆ. ಅದಕ್ಕೇ ಮೇಲಿಂದ ಹೊಸ ಹುಕುಂ ಆಗೇದೆ. ಯಾರ ಗುಡ್ಡೆಯೋ ಅವರೇ ಸ್ವಂತ ಗಾಡಿ ಕಟ್ಟಿ, ಮಳೆಗೆ ಮುಂಚೆ ತೊಗರ್ಸಿ ದಾರಿ ಹಾಳು ಗುಂಡಿಗೆ ಸಾಗಿಸಬೇಕು."

ಪರಮಶಿವಪ್ಪನ ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಈ ಹುಕುಂ ಊರಲ್ಲಿ ಯಾರಿಗೆ ಗೊತ್ತಿದೆ ಎಂದು ಕ್ಷೀಣವಾಗಿ ಕೇಳಿದ.

"ಇನ್ನೂ ಡಂಗುರ ಹೊಡೆಸಿಲ್ಲ. ಬೆಳಿಗ್ಗೆ ಉಚ್ಚಂಗಪ್ಪನೋರಿಗೆ ಮಾತ್ರ ಹೇಳಿದ್ದೆ."

ನಡು ಮಡುವಿನಲ್ಲಿ ಇಳಿದು ಓಡುವಂತಿರಲಿಲ್ಲ. ಹರಿಗೋಲು ತಿರುಗಿದಂತೆಲ್ಲ ಗುಡ್ಡೆ ಒಮ್ಮೆ ಕಾಣುತ್ತಿತ್ತು, ಉಚ್ಚಂಗಪ್ಪ ಒಮ್ಮೆ ಕಾಣುತ್ತಿದ್ದ. ಪರಮಶಿವಪ್ಪನಿಗೆ ಸ್ವಂತ ಗಾಡಿಯಿರಲಿಲ್ಲ, ಎತ್ತುಗಳಿರಲಿಲ್ಲ. ಮೋಡ ಮಾತ್ರ ಆಗಲೇ ಕಟ್ಟುತ್ತಿತ್ತು. ಹಾರ ಹಾಕಿಕೊಂಡ ಆ ಗಳಿಗೆಯಲ್ಲಿ ಅವನಿಗೆ, ಹಾರವಿಲ್ಲದೆ ಬರಿಗತ್ತಿನಲ್ಲಿ ನಿಂತಿದ್ದ ಮನುಷ್ಯನನ್ನು ಕಂಡು ಎಂದೂ ಇಲ್ಲದಷ್ಟು ಹೊಟ್ಟೆ ಉರಿಯಿತು.

ದಡಕ್ಕೆ ಇಳಿಯುವಾಗ ಸರ್ವಮಂಗಳಮ್ಮ ಕೈ ಹಿಡಿದುಕೊಂಡಳು. ಹರಿಗೋಲು ಸುತ್ತಿ ಬರುವಷ್ಟರಲ್ಲಿ ಹುಕುಮಿನ ಸುದ್ದಿ ಉಚ್ಚಂಗಪ್ಪನಿಂದ ವರದಮ್ಮನಿಗೆ, ವರದಮ್ಮನಿಂದ ಅವಳಿಗೂ ಮುಟ್ಟಿತ್ತು. ಹಾರದ ಕಡೆ ತಿರುಗಿಯೂ ನೋಡದೆ ಹೇಳಿದಳು.

"ಉಚ್ಚಂಗಪ್ಪನೋರನ್ನ ನೋಡ್ರಿ. ಅವರಿಗೆ ಒಂದು ಬುಟ್ಟಿ ಹೊರೋ ತಾಪತ್ರಯನೂ ಇಲ್ಲ."